ಹಿಮನದಿ ಎಲ್ಲಿಯವರೆಗೆ ಬಂದಿತ್ತು, ಯಾವಾಗ ಬಂದಿತ್ತು? ಮೊರೇನ್ ದಿಬ್ಬಗಳ ವಯಸ್ಸು ಹೇಳುವ ಬಗೆ

(ವಿಜ್ಞಾನ ಆಸಕ್ತರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನಲ್ಲಿ ಅವಸರವಾಗಿ ದಾಟಿದ್ದ ಒಂದೆರಡು ಲೆಕ್ಕಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಗಂಗೋತ್ರಿ ಹಿಮನದಿಯ ತುದಿಯಾದ ಗೋಮುಖದವರೆಗೆ ನಡೆದು ಹೋಗಿ ಬಂದವರು ಕೆಲವರಾದರೂ ಇರುತ್ತೀರಿ. ಗಂಗೋತ್ರಿ ದೇವಸ್ಥಾನದಿಂದ ಸುಮಾರು 18 ಕಿ.ಮೀ. ದಾರಿ. ಭೋಜ್‌ಬಾಸಾ ದಾಟಿದ ಮೇಲೆ ಕಣಿವೆಯ ಬದಿಗಳಲ್ಲಿ ಕಲ್ಲು, ಮಣ್ಣು, ದೊಡ್ಡ ದೊಡ್ಡ ಬಂಡೆ ಎಲ್ಲಾ ಕಲಸಿಕೊಂಡ ಉದ್ದನೆಯ ದಿಬ್ಬಗಳು ಸಿಗುತ್ತವೆ. ಯಾರೂ ಅವುಗಳ ಫೋಟೊ ತೆಗೆಯುವುದಿಲ್ಲ. ಎಲ್ಲರ ಕಣ್ಣೂ ಶಿವಲಿಂಗ ಶಿಖರದ ಮೇಲೆ, ಭಾಗೀರಥಿ ಶಿಖರಗಳ ಮೇಲೆ. ಅದು ಸರಿಯೇ. ಆದರೆ ಆ ಹಿಮನದಿ ಸಾವಿರಾರು ವರ್ಷಗಳಲ್ಲಿ ಏನೇನು ಮಾಡಿದೆ ಅನ್ನುವುದಕ್ಕೆ ಸಾಕ್ಷಿ ಇರುವುದು ಈ ದಿಬ್ಬಗಳಲ್ಲಿ. ಇವಕ್ಕೆ ಮೊರೇನ್ ಅನ್ನುತ್ತಾರೆ.

ಹಿಮನದಿ ಅಂದರೆ ನಿಂತ ಮಂಜುಗಡ್ಡೆ ಅಲ್ಲ, ಅದು ಯಾವಾಗಲೂ ಕೆಳಗೆ ಹರಿಯುತ್ತಲೇ ಇರುತ್ತದೆ. ತುದಿ ಹಿಂದೆ ಸರಿಯುತ್ತಿದೆ ಅಂತ ನಾವು ಹೇಳುವಾಗಲೂ ಮಂಜು ಕೆಳಮುಖವಾಗಿಯೇ ಚಲಿಸುತ್ತಿರುತ್ತದೆ, ಬಂದದ್ದಕ್ಕಿಂತ ಕರಗಿದ್ದು ಜಾಸ್ತಿ ಆದದ್ದರಿಂದ ತುದಿ ಮೇಲಕ್ಕೆ ಹೋಗುತ್ತದೆ, ಅಷ್ಟೇ. ಹರಿಯುವಾಗ ಅದು ಬೆಟ್ಟದಿಂದ ಉದುರಿದ ಕಲ್ಲನ್ನು ಹೊತ್ತು ತರುತ್ತದೆ, ತಳವನ್ನು ಕೆರೆದು ಮಣ್ಣು ಮಾಡಿ ತರುತ್ತದೆ. ತುದಿ ಒಂದೇ ಜಾಗದಲ್ಲಿ ಕೆಲವು ದಶಕ ನಿಂತರೆ ತಂದದ್ದೆಲ್ಲ ಅಲ್ಲೇ ಸುರಿದು, ಹೊಲದ ಅಂಚಿನ ಬದುವಿನ ಹಾಗೆ ದಿಬ್ಬ ಏಳುತ್ತದೆ. ಹಿಮನದಿ ಹಿಂದೆ ಹೋದ ಮೇಲೂ ದಿಬ್ಬ ಉಳಿಯುತ್ತದೆ. ಹಾಗಾಗಿ ದಿಬ್ಬ ಎಲ್ಲಿದೆ ಅಂದರೆ ಹಿಮನದಿ ಎಲ್ಲಿಯವರೆಗೆ ಬಂದಿತ್ತು ಅಂತ ಗೊತ್ತಾಯಿತು. ಇದು ಸುಲಭದ ಅರ್ಧ.

ಈ ಸುಲಭದ ಅರ್ಧವನ್ನು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಒಬ್ಬ ಸ್ವಿಟ್ಜರ್ಲೆಂಡಿನ ಬೆಟ್ಟದ ಬೇಟೆಗಾರ, ಜಾನ್ ಪಿಯೇರ್ ಪೆರೊಡಾಂ. ತನ್ನ ಕಣಿವೆಯ ಬಂಡೆಗಳ ಮೇಲಿನ ಗೀರುಗಳನ್ನು ನೋಡಿ, ಒಂದು ಕಾಲದಲ್ಲಿ ಇಡೀ ಕಣಿವೆ ಮಂಜಿನಿಂದ ತುಂಬಿತ್ತು ಅಂತ ಅವನು 1810ರ ದಶಕದಲ್ಲೇ ಹೇಳುತ್ತಿದ್ದ. ಎಂಜಿನಿಯರ್ ಇಗ್ನಾಜ್ ವೆನೆಟ್ಸ್ ಅವನ ಮಾತಿಗೆ ಬೆಲೆ ಕೊಟ್ಟರು. ಅವರಿಂದ ಶಾರ್ಪಾಂಟಿಯೇಗೆ, ಅವರಿಂದ ಲೂಯಿ ಅಗಾಸಿಗೆ ವಿಷಯ ದಾಟಿತು. 1837ರಲ್ಲಿ ನೊಶಾಟೆಲ್‌ನಲ್ಲಿ ಅಗಾಸಿ ಮಾಡಿದ ಭಾಷಣದಿಂದ ಹಿಮಯುಗದ ಮಾತು ಎಲ್ಲರ ಕಿವಿಗೆ ಬಿತ್ತು. ಹೆಸರು ಅಗಾಸಿಗೆ ಬಂತು, ಆದರೆ ನನಗೆ ಪೆರೊಡಾಂ ಮೇಲೆ ಗೌರವ ಜಾಸ್ತಿ. ಓದು ಬರಹದ ಬೆಂಬಲ ಇಲ್ಲದೆ, ನೆಲ ನೋಡಿಯೇ ಹೇಳಿದ ಮನುಷ್ಯ.

ಅವರಲ್ಲಿ ಯಾರಿಗೂ ಹೇಳಲಾಗದೆ ಉಳಿದದ್ದು ಇನ್ನರ್ಧ: ಯಾವಾಗ?

ಮೊದಲು ಯೋಚನೆಗೆ ಬರುವುದು ಕಾರ್ಬನ್-14. ದಿಬ್ಬದೊಳಗೆ ಮರದ ತುಂಡು ಸಿಕ್ಕಿದರೆ ಅದು ಯಾವಾಗ ಸತ್ತಿತು ಅಂತ ಹೇಳಬಹುದು, ಸುಮಾರು 50,000 ವರ್ಷದವರೆಗೆ. ತೊಂದರೆ ಏನೆಂದರೆ ಬಹಳಷ್ಟು ಮೊರೇನ್‌ಗಳು ಇರುವುದು ಮರ ಬೆಳೆಯದ ಎತ್ತರದಲ್ಲಿ. ಸಿಕ್ಕರೂ ಆ ಮರ ಹಿಮನದಿ ಬಂದು ಉರುಳಿಸಿದ್ದೋ, ಅದಕ್ಕಿಂತ ಸಾವಿರ ವರ್ಷ ಮೊದಲೇ ಸತ್ತು ಬಿದ್ದಿದ್ದೋ ಅನ್ನುವುದು ಬೇರೆ ತಗಾದೆ.

ಇನ್ನೊಂದು ದಾರಿ ಕಲ್ಲುಹೂವು. ನಮ್ಮ ಮಸಾಲೆಗೆ ಹಾಕುವ ಕಲ್ಲುಹೂವಿನ ದೂರದ ನೆಂಟ, ರೈಜೋಕಾರ್ಪಾನ್ ಅನ್ನುವ ಹಳದಿ-ಹಸಿರು ಬಣ್ಣದ್ದು, ಕಪ್ಪು ಅಂಚು ಇರುತ್ತದೆ, ಬಂಡೆಗೆ ಅಂಟಿಕೊಂಡು ಬಹಳ ನಿಧಾನವಾಗಿ ಬೆಳೆಯುತ್ತದೆ. ವರ್ಷಕ್ಕೆ ಒಂದು ಮಿ.ಮೀ.ಗಿಂತಲೂ ಕಮ್ಮಿ. ಆಸ್ಟ್ರಿಯಾದ ರೋಲಾಂಡ್ ಬೆಶೆಲ್ 1950ರ ಸುಮಾರಿಗೆ ಇದನ್ನು ಮೊರೇನ್‌ಗಳಿಗೆ ಹಚ್ಚಿದರು. ಇಸವಿ ಕೆತ್ತಿದ ಸಮಾಧಿ ಕಲ್ಲು, ಹಳೆಯ ಸೇತುವೆ ಇಂಥವುಗಳ ಮೇಲೆ ಕಲ್ಲುಹೂವು ಎಷ್ಟು ಅಗಲ ಬೆಳೆದಿದೆ ಅಂತ ಅಳೆದು, ಅದೇ ಲೆಕ್ಕವನ್ನು ಬಂಡೆಗೆ ಹಾಕುವುದು. ಕಳೆದ ಮೂರ್ನಾಲ್ಕು ನೂರು ವರ್ಷದ ದಿಬ್ಬಗಳಿಗೆ ಒಂದು ಮಟ್ಟಿಗೆ ಸರಿ. ಬೆಳವಣಿಗೆ ತೇವ, ಬಿಸಿಲು, ಹಿಮ, ಕಲ್ಲಿನ ಜಾತಿ ಎಲ್ಲವನ್ನೂ ಅವಲಂಬಿಸಿರುವುದರಿಂದ ಒಂದು ಕಣಿವೆಯ ಅಳತೆಯನ್ನು ಇನ್ನೊಂದಕ್ಕೆ ಹಾಕುವ ಹಾಗಿಲ್ಲ. ಅದಕ್ಕಿಂತ ಹಳೆಯದಕ್ಕೆ ನಾನಂತೂ ಇದನ್ನು ನಂಬುವುದಿಲ್ಲ.

ಮರಳಿನ ಕಾಳುಗಳಿಂದ ವಯಸ್ಸು ತೆಗೆಯುವ ವಿಧಾನವೂ ಇದೆ. ಬೆಣಚುಕಲ್ಲಿನ ಕಾಳು ಬಿಸಿಲು ಕಾಣದೆ ಹೂತಿರುವಷ್ಟು ಕಾಲ ಸುತ್ತಲಿನ ವಿಕಿರಣದ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಲ್ಯಾಬಿನಲ್ಲಿ ಬೆಳಕು ಹಾಯಿಸಿದರೆ ಅದನ್ನು ಬೆಳಕಾಗಿ ಹೊರಗೆ ಬಿಡುತ್ತದೆ. ಆದರೆ ಹೂಳುವ ಮೊದಲು ಅದು ಸರಿಯಾಗಿ ಬಿಸಿಲು ಕಂಡಿರಬೇಕು. ಹಿಮನದಿಯ ತಳದಲ್ಲಿ ಉಜ್ಜಿಕೊಂಡು ಬಂದ ಮಣ್ಣಿಗೆ ಆ ಅವಕಾಶ ಸಿಕ್ಕಿರುವುದಿಲ್ಲ, ಹಾಗಾಗಿ ಇಲ್ಲದ ವಯಸ್ಸು ತೋರಿಸಬಹುದು. ಗಂಗೋತ್ರಿ ಕಣಿವೆಯ ಮೊದಲ ಲೆಕ್ಕಗಳು ಬಂದದ್ದು ಈ ವಿಧಾನದಿಂದಲೇ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ನನ್ನ ಮನಸ್ಸಿಗೆ ಹತ್ತಿರವಾದ ಭಾಗ.

ಆಕಾಶದಿಂದ ವಿಶ್ವಕಿರಣಗಳು ಬೀಳುತ್ತಲೇ ಇರುತ್ತವೆ. ವಾತಾವರಣಕ್ಕೆ ಬಡಿದು ಅವು ವೇಗದ ನ್ಯೂಟ್ರಾನುಗಳನ್ನು ಎಬ್ಬಿಸುತ್ತವೆ. ಅವುಗಳಲ್ಲಿ ಕೆಲವು ನೆಲದವರೆಗೆ ಬಂದು ಬಂಡೆಗೆ ಹೊಡೆಯುತ್ತವೆ. ಬೆಣಚುಕಲ್ಲಿನಲ್ಲಿ ಇರುವುದು ಸಿಲಿಕಾನ್ ಮತ್ತು ಆಮ್ಲಜನಕ. ಅಪರೂಪಕ್ಕೊಮ್ಮೆ ಒಂದು ನ್ಯೂಟ್ರಾನು ಆಮ್ಲಜನಕದ ಪರಮಾಣುವನ್ನು ಒಡೆದು ಬೆರಿಲಿಯಂ-10 ಅನ್ನುವ ಪರಮಾಣುವನ್ನು ಉಳಿಸುತ್ತದೆ. ಎಷ್ಟು ಅಪರೂಪ ಅಂದರೆ, ಧ್ರುವದ ಕಡೆಯ ಪ್ರದೇಶದಲ್ಲಿ ಸಮುದ್ರಮಟ್ಟದಲ್ಲಿ ಒಂದು ಗ್ರಾಂ ಬೆಣಚುಕಲ್ಲಿನಲ್ಲಿ ವರ್ಷಕ್ಕೆ ಸುಮಾರು 4 ಪರಮಾಣು. ಒಂದು ವರ್ಷಕ್ಕೆ ನಾಲ್ಕು! ಮೇಲಕ್ಕೆ ಹೋದ ಹಾಗೆ ತಲೆ ಮೇಲಿನ ಗಾಳಿ ಕಮ್ಮಿಯಾಗುತ್ತದೆ, ಏಟು ಜಾಸ್ತಿಯಾಗುತ್ತದೆ. ಗೋಮುಖದ ಎತ್ತರ ಸುಮಾರು 4000 ಮೀಟರ್, ಅಲ್ಲಿ ಇದು ಹತ್ತು ಪಟ್ಟಿನ ಆಸುಪಾಸು.

ಬಂಡೆ ಹಿಮನದಿಯೊಳಗೆ, ಮಣ್ಣಿನೊಳಗೆ ಇರುವವರೆಗೆ ಈ ಏಟು ಅದಕ್ಕೆ ಮುಟ್ಟುವುದಿಲ್ಲ, ಕಲ್ಲಿನಲ್ಲಿ ಎರಡು ಮೂರು ಮೀಟರ್ ಒಳಗೆ ನ್ಯೂಟ್ರಾನುಗಳ ಆಟ ಬಹುಪಾಲು ಮುಗಿದೇ ಹೋಗುತ್ತದೆ. ಮೊರೇನ್ ಮೇಲೆ ಬಂದು ಕೂತ ದಿನದಿಂದ ಎಣಿಕೆ ಶುರು. ಉದಾಹರಣೆಗೆ, ಒಂದು ಗ್ರಾಂನಲ್ಲಿ 4,00,000 ಪರಮಾಣು ಸಿಕ್ಕಿತು, ಅಲ್ಲಿ ವರ್ಷಕ್ಕೆ 40 ಹುಟ್ಟುತ್ತವೆ ಅಂದುಕೊಳ್ಳಿ. ಭಾಗಿಸಿದರೆ 10,000 ವರ್ಷ. ಬೆರಿಲಿಯಂ-10 ತಾನೂ ಕ್ಷಯಿಸುತ್ತದೆ, ಆದರೆ ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಕಾಲ, ಸುಮಾರು 13.9 ಲಕ್ಷ ವರ್ಷ, ಹತ್ತು ಸಾವಿರ ವರ್ಷದ ಲೆಕ್ಕದಲ್ಲಿ ಅದು ಗಣನೆಗೇ ಬರುವುದಿಲ್ಲ.

ಇದರ ಬೇರು ನಮ್ಮ ದೇಶದಲ್ಲೂ ಇದೆ ಅನ್ನುವುದನ್ನು ಒತ್ತಿ ಹೇಳಬೇಕು. 1950ರ ದಶಕದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಬರ್ನಾರ್ಡ್ ಪೀಟರ್ಸ್, ದೇವೇಂದ್ರ ಲಾಲ್ ಮತ್ತು ಅವರ ಜೊತೆಗಾರರು ಸಮುದ್ರದ ತಳದ ಕೆಸರಿನಲ್ಲಿ ಬೆರಿಲಿಯಂ-10 ಅಳೆದರು. ಎತ್ತರ ಮತ್ತು ಅಕ್ಷಾಂಶ ಬದಲಾದರೆ ಬಂಡೆಯಲ್ಲಿ ಎಷ್ಟು ಹುಟ್ಟುತ್ತದೆ ಅಂತ ಲಾಲ್ 1991ರಲ್ಲಿ ಲೆಕ್ಕದ ಸೂತ್ರ ಕೊಟ್ಟರು. ಆಮೇಲೆ ತಿದ್ದುಪಡಿಗಳು ಬಂದಿವೆ, ಆದರೆ ಇವತ್ತಿಗೂ ಜಗತ್ತಿನ ಯಾವ ಮೂಲೆಯ ಮೊರೇನ್ ವಯಸ್ಸು ಹೇಳುವವರೂ ಅವರ ಹೆಸರಿನ ಸೂತ್ರದ ಪಕ್ಕದಲ್ಲೇ ಹಾದು ಹೋಗಬೇಕು. ನಮ್ಮ ಕೋಲಾರದ ಚಿನ್ನದ ಗಣಿಯಲ್ಲೂ ಇದೇ ಸಂಸ್ಥೆಯವರು ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಆನು ಅನ್ನುವ ಕಣಗಳು ಕಲ್ಲಿನ ಎಷ್ಟು ಆಳದವರೆಗೆ ಇಳಿಯುತ್ತವೆ ಅಂತ ಅಳೆದಿದ್ದರು. ಎರಡು ಕಿ.ಮೀ.ಗಿಂತ ಜಾಸ್ತಿ ಆಳದಲ್ಲಿ 1965ರಲ್ಲಿ ನ್ಯೂಟ್ರಿನೊ ಗುರುತಿಸಿದ್ದು ಎಲ್ಲರಿಗೂ ಗೊತ್ತಿರುವ ಕತೆ. ಈ ಮ್ಯೂಆನುಗಳೂ ಸ್ವಲ್ಪ ಬೆರಿಲಿಯಂ-10 ಹುಟ್ಟಿಸುತ್ತವೆ, ಅದೂ ನ್ಯೂಟ್ರಾನು ಮುಟ್ಟದ ಆಳದಲ್ಲಿ. ಆದ್ದರಿಂದ ಕಲ್ಲಿನೊಳಗೆ ಅವು ಹೇಗೆ ಕಮ್ಮಿಯಾಗುತ್ತವೆ ಅನ್ನುವುದು ನಮ್ಮ ಲೆಕ್ಕಕ್ಕೂ ಬೇಕು.

ಲ್ಯಾಬಿನ ಕೆಲಸ ಬಹಳ ತಾಳ್ಮೆ ಬೇಡುತ್ತದೆ. ಬಂಡೆಯ ತಲೆಯಿಂದ ಉಳಿ ಸುತ್ತಿಗೆಯಲ್ಲಿ ಮೇಲಿನ ಕೆಲವು ಸೆಂಟಿಮೀಟರ್ ಮಾತ್ರ ಕಿತ್ತು ತರುತ್ತಾರೆ, ಅರ್ಧ ಕೆಜಿಯೋ ಒಂದು ಕೆಜಿಯೋ. ಪುಡಿ ಮಾಡಿ, ಜರಡಿ ಹಿಡಿದು, ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಮತ್ತೆ ಮತ್ತೆ ತೊಳೆದು, ಬೇರೆ ಖನಿಜ ಎಲ್ಲ ಹೋಗಿ ಶುದ್ಧ ಬೆಣಚುಕಲ್ಲು ಉಳಿಯುವವರೆಗೆ ಬಿಡುವುದಿಲ್ಲ. ಮಳೆಯ ಜೊತೆ ಗಾಳಿಯಿಂದ ಬಂದ ಬೆರಿಲಿಯಂ-10 ಕಾಳಿನ ಮೇಲೆ ಅಂಟಿರುತ್ತದೆ, ಅದೂ ಈ ತೊಳೆತದಲ್ಲೇ ಹೋಗಬೇಕು. ಆಮೇಲೆ ತೂಕ ಮಾಡಿದ ಮಾಮೂಲಿ ಬೆರಿಲಿಯಂ-9 ಸೇರಿಸಿ, ಕಾಳನ್ನು ಪೂರ್ತಿ ಕರಗಿಸಿ, ಬೆರಿಲಿಯಂ ಬೇರ್ಪಡಿಸಿ, ಕಾಯಿಸಿ ಚಿಟಿಕೆಯಷ್ಟು ಬಿಳಿ ಪುಡಿ ಮಾಡುತ್ತಾರೆ. ಅದನ್ನು ಆಕ್ಸಲರೇಟರ್ ಯಂತ್ರಕ್ಕೆ ಕೊಟ್ಟರೆ ಪರಮಾಣುಗಳನ್ನು ಒಂದೊಂದಾಗಿ ಎಣಿಸುತ್ತದೆ. ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಲರೇಟರ್ ಸೆಂಟರ್‌ನಲ್ಲಿ ಈ ಎಣಿಕೆ ಆಗುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ, ಬಂಡೆ ತಂದರೆ ವಯಸ್ಸು ಬಂತು ಅನ್ನಿಸುತ್ತದೆ ಅಲ್ವಾ? ನಾನು ಇವತ್ತು ಮುಖ್ಯವಾಗಿ ಹೇಳಲು ಬಂದದ್ದು ಇದನ್ನೇ: ಯಂತ್ರ ಕೊಡುವುದು ಬಂಡೆಯ ವಯಸ್ಸು. ನಮಗೆ ಬೇಕಾದದ್ದು ದಿಬ್ಬದ ವಯಸ್ಸು. ಅದರ ನಂತರ ಬೇಕಾದದ್ದು ಹಿಮನದಿಯ ಕತೆ. ಈ ಮೂರರ ನಡುವೆ ಎರಡು ದೊಡ್ಡ ಹಳ್ಳ ಇವೆ, ಪತ್ರಿಕೆಯಲ್ಲಿ ಬರುವ "ಇಷ್ಟು ಸಾವಿರ ವರ್ಷದ ಹಿಂದೆ" ಅನ್ನುವ ಸಾಲಿನಲ್ಲಿ ಅವೆರಡೂ ಕಾಣುವುದೇ ಇಲ್ಲ.

ಮೊದಲ ಹಳ್ಳ. ಬಂಡೆ ಮೊರೇನ್‌ಗೆ ಬರುವ ಮೊದಲೇ ಯಾವುದೋ ಬಂಡೆಗೋಡೆಯಲ್ಲಿ ಸಾವಿರಾರು ವರ್ಷ ಬಯಲಿಗೆ ಮುಖ ಮಾಡಿ ನಿಂತಿದ್ದಿರಬಹುದು. ಆಗ ಹಳೆಯ ಲೆಕ್ಕವೂ ಸೇರಿ, ವಯಸ್ಸು ಇರುವುದಕ್ಕಿಂತ ಜಾಸ್ತಿ ಬರುತ್ತದೆ. ಇದರ ಉಲ್ಟಾ ಇನ್ನೂ ಸಾಮಾನ್ಯ. ಮೊರೇನ್ ದಿಬ್ಬ ಕಾಲ ಕಳೆದಂತೆ ಕುಸಿಯುತ್ತದೆ. ಒಳಗೊಳಗೇ ಮಂಜು ಸಿಕ್ಕಿಕೊಂಡಿದ್ದರೆ ಅದು ಕರಗಿ ಇನ್ನೂ ಕುಸಿಯುತ್ತದೆ. ಮೇಲಿನ ಮಣ್ಣು ಮಳೆಗೆ ತೊಳೆದು ಹೋಗಿ, ಒಳಗೆ ಹೂತಿದ್ದ ಬಂಡೆ ಸಾವಿರಾರು ವರ್ಷ ತಡವಾಗಿ ತಲೆ ಎತ್ತುತ್ತದೆ. ನಾವು ಹೋಗಿ ಅದನ್ನೇ ಕೆತ್ತಿ ತಂದರೆ ದಿಬ್ಬ ನಿಜಕ್ಕಿಂತ ಚಿಕ್ಕ ವಯಸ್ಸಿನದು ಅನ್ನಿಸುತ್ತದೆ. ಬಂಡೆ ಉರುಳಿ ಮಗ್ಗುಲು ಬದಲಾಯಿಸಿದ್ದರೂ ಅಷ್ಟೇ, ವರ್ಷದಲ್ಲಿ ಆರು ತಿಂಗಳು ಹಿಮ ಹೊದ್ದಿದ್ದರೂ ಅಷ್ಟೇ.

ಅದಕ್ಕೇ ಬಂಡೆ ಆರಿಸುವುದು ಈ ಕೆಲಸದ ಜೀವಾಳ. ದಿಬ್ಬದ ನೆತ್ತಿಯ ಮೇಲೆ ಇರಬೇಕು, ಇಳಿಜಾರಿನಲ್ಲಿ ಅಲ್ಲ. ಒಂದು ಮೀಟರ್‌ಗಿಂತ ಎತ್ತರ ಇದ್ದರೆ ಒಳ್ಳೆಯದು, ಹಿಮವೂ ಅದರ ತಲೆ ಮೇಲೆ ಕಮ್ಮಿ ನಿಲ್ಲುತ್ತದೆ, ಹೂತಿದ್ದ ಸಂಶಯವೂ ಕಮ್ಮಿ. ಬುಡ ಗಟ್ಟಿಯಾಗಿ ಕೂತಿರಬೇಕು. ಮೇಲ್ಮೈ ಸಿಪ್ಪೆ ಏಳುತ್ತಿರಬಾರದು. ಸುತ್ತಲಿನ ಬೆಟ್ಟ ಆಕಾಶದ ಎಷ್ಟು ಭಾಗ ಮರೆ ಮಾಡುತ್ತದೆ ಅಂತ ಎಲ್ಲಾ ದಿಕ್ಕಿಗೂ ಕೋನ ಅಳೆದು ಬರೆದುಕೊಳ್ಳಬೇಕು. ಒಂದು ದಿಬ್ಬದಿಂದ ಒಂದೇ ಬಂಡೆ ತಂದರೆ ಅದು ಏನನ್ನೂ ಹೇಳುವುದಿಲ್ಲ. ಐದಾರು ತಂದು, ಅವುಗಳ ವಯಸ್ಸು ಒಂದರ ಹತ್ತಿರ ಒಂದು ಬಂದರೆ ಧೈರ್ಯವಾಗಿ ಹೇಳಬಹುದು. ಚದುರಿ ಹೋದರೆ? ಹಳೆಯದನ್ನು ನಂಬಬೇಕೋ, ಸರಾಸರಿ ತೆಗೆಯಬೇಕೋ ಅಂತ ಜಗಳ ಇವತ್ತಿಗೂ ಇದೆ. ದಿಬ್ಬ ಕುಸಿದ ಲಕ್ಷಣ ಸ್ಪಷ್ಟವಾಗಿದ್ದರೆ ಹಳೆಯದರ ಕಡೆಗೆ ವಾಲುವುದು ಸರಿ ಅನ್ನುವುದು ನನ್ನ ಅಭಿಪ್ರಾಯ, ಆದರೆ ಅದನ್ನು ದಿಬ್ಬ ನೋಡಿ ನಿರ್ಧರಿಸಬೇಕೇ ಹೊರತು ಬಂದ ಸಂಖ್ಯೆ ನೋಡಿ ಅಲ್ಲ.

ಹುಟ್ಟುವ ದರದ್ದೂ ಒಂದು ಕತೆ. 1989ರಲ್ಲಿ ಅಮೆರಿಕದ ಸಿಯೆರಾ ನೆವಾಡಾ ಬೆಟ್ಟಗಳ, ಹಿಮನದಿ ಉಜ್ಜಿ ನುಣುಪು ಮಾಡಿದ ಬಂಡೆಗಳಿಂದ ಸಿಕ್ಕ ದರ, ಸಮುದ್ರಮಟ್ಟಕ್ಕೆ ಇಳಿಸಿ ಹೇಳಿದರೆ, ಗ್ರಾಂಗೆ ವರ್ಷಕ್ಕೆ ಸುಮಾರು 6 ಪರಮಾಣು. ಅಲ್ಲಿ ಮಂಜು ಕರಗಿದ ಕಾಲ ಅಂದುಕೊಂಡದ್ದಕ್ಕಿಂತ ಹಳೆಯದು ಅಂತ ಆಮೇಲೆ ತಿಳಿಯಿತು, ದರ ಇಳಿಯುತ್ತಾ ಬಂತು. ನ್ಯೂಜಿಲೆಂಡಿನ ಮೆಕಾಲೆ ಕಣಿವೆಯಲ್ಲಿ ಒಂದು ಹಳೆಯ ಕಲ್ಲು-ಕೆಸರಿನ ಪ್ರವಾಹದ ಕೆಳಗೆ ಹೂತ ಗಿಡಗಂಟಿಗೆ ಕಾರ್ಬನ್-14 ವಯಸ್ಸು ತೆಗೆದು, ಅದೇ ಪ್ರವಾಹದ ಬಂಡೆಗಳಲ್ಲಿ ಬೆರಿಲಿಯಂ-10 ಅಳೆದು, 2010ರಲ್ಲಿ ದರವನ್ನು ಬಿಗಿ ಮಾಡಿದರು. ಈಗ 4ರ ಸುಮಾರು. ದರ ಇಳಿದರೆ ವಯಸ್ಸು ಏರುತ್ತದೆ. ಅಂದರೆ ಹಳೆಯ ಪ್ರಬಂಧಗಳಲ್ಲಿರುವ ವಯಸ್ಸುಗಳನ್ನು ಹಾಗೇ ಎತ್ತಿಕೊಂಡು ಹೊಸದರ ಪಕ್ಕ ಇಟ್ಟು ಹೋಲಿಸಬಾರದು, ಒಂದೇ ದರಕ್ಕೆ ತಂದು ಮತ್ತೆ ಲೆಕ್ಕ ಮಾಡಬೇಕು.

ಎರಡನೇ ಹಳ್ಳ, ದಿಬ್ಬದಿಂದ ಹಿಮನದಿಯ ಕತೆಗೆ. ಒಂದು ಹಿಮನದಿ ಬೇರೆ ಬೇರೆ ಕಾಲದಲ್ಲಿ 10 ಸಲ ಮುಂದೆ ಬಂತು ಅಂದುಕೊಳ್ಳಿ, ಪ್ರತಿ ಸಲ ಎಷ್ಟು ದೂರ ಅನ್ನುವುದಕ್ಕೆ ಯಾವ ಕ್ರಮವೂ ಇಲ್ಲ. ಎಷ್ಟು ದಿಬ್ಬ ಉಳಿಯುತ್ತದೆ? ನಂತರ ಬಂದದ್ದು ಹಿಂದಿನದಕ್ಕಿಂತ ಉದ್ದ ಇದ್ದರೆ ಹಿಂದಿನ ದಿಬ್ಬವನ್ನು ನೆಲಸಮ ಮಾಡುತ್ತದೆ. ಕೊನೆಯದು ಖಂಡಿತ ಉಳಿಯುತ್ತದೆ. ಅದರ ಹಿಂದಿನದು ಉಳಿಯುವ ಸಾಧ್ಯತೆ ಅರ್ಧ, ಅದರ ಹಿಂದಿನದ್ದು ಮೂರರಲ್ಲೊಂದು, ಹೀಗೆ ಹತ್ತರಲ್ಲೊಂದರವರೆಗೆ ಕೂಡಿಸುತ್ತಾ ಹೋಗಿ. 2.93 ಬರುತ್ತದೆ. ಹತ್ತು ಸಲ ಬಂದರೂ ಸರಾಸರಿ ಮೂರೇ ದಿಬ್ಬ! ಹಾಗಾಗಿ ಕಣಿವೆಯಲ್ಲಿ ಮೂರು ದಿಬ್ಬ ಕಂಡು, ಹಿಮನದಿ ಮೂರು ಸಲ ಮಾತ್ರ ಮುಂದೆ ಬಂದಿತ್ತು ಅಂತ ಹೇಳುವ ಹಾಗೇ ಇಲ್ಲ. ಎಲ್ಲಾ ಅದೃಷ್ಟವೂ ಕೂಡಿ ಬಂದ ಜಾಗವೆಂದರೆ ನ್ಯೂಜಿಲೆಂಡಿನ ಮೌಂಟ್ ಕುಕ್ ಸುತ್ತಲಿನ ಹಿಮನದಿಗಳು. ಅಲ್ಲಿ ದಿಬ್ಬಗಳು ಒತ್ತೊತ್ತಾಗಿ ಉಳಿದಿವೆ. 2009ರಲ್ಲಿ ಯೋರ್ಗ್ ಶೇಫರ್ ಮತ್ತು ಜೊತೆಗಾರರು ಕಳೆದ 7000 ವರ್ಷದಲ್ಲಿ ಕಮ್ಮಿ ಅಂದರೂ 15 ಸಲ ಮುಂದೆ ಬಂದದ್ದನ್ನು ಬೆರಿಲಿಯಂ-10ರಿಂದ ತೋರಿಸಿದರು.

ದಿಬ್ಬ ಎದ್ದಿದೆ ಅಂದರೆ ಹವಾಮಾನ ತಣ್ಣಗಾಗಿತ್ತು ಅಂತಲೂ ಅಲ್ಲ. ಅದೇ ನ್ಯೂಜಿಲೆಂಡಿನ ಫ್ರಾಂಜ್ ಜೋಸೆಫ್ ಹಿಮನದಿಯ ಮುಂದೆ ವಾಯ್ಹೊ ಲೂಪ್ ಅನ್ನುವ ದೊಡ್ಡ ಕಮಾನಿನಂಥ ಮೊರೇನ್ ಇದೆ. ಅದು ಜಾಗತಿಕವಾಗಿ ತಣ್ಣಗಾದ ಕಾಲದ ಗುರುತು ಅಂತ ಬಹಳ ಚರ್ಚೆ ನಡೆದಿತ್ತು. 2008ರಲ್ಲಿ ಇನ್ನೊಂದು ತಂಡ ಅದರ ಕಲ್ಲುಗಳನ್ನು ಪರೀಕ್ಷಿಸಿ, ಹಿಮನದಿಯ ಮೇಲೆ ದೊಡ್ಡ ಭೂಕುಸಿತ ಬಿದ್ದು, ಆ ಕಲ್ಲಿನ ಹೊದಿಕೆಯಿಂದ ಕರಗುವುದು ಕಮ್ಮಿಯಾಗಿ ತುದಿ ಮುಂದೆ ಬಂದಿರಬಹುದು ಅಂದಿತು. ಹಿಮಾಲಯದಲ್ಲಿ ಭೂಕುಸಿತಕ್ಕೆ ಏನು ಬರವೇ? ಇಲ್ಲಿ ಈ ಎಚ್ಚರ ಇನ್ನೂ ಜಾಸ್ತಿ ಬೇಕು.

ಈಗ ಗಂಗೋತ್ರಿಗೆ ಬರೋಣ. ಮಿಲಾಪ್ ಚಂದ್ ಶರ್ಮಾ ಮತ್ತು ಲೂಯಿಸ್ ಓವೆನ್ 1996ರಲ್ಲಿ ಈ ಕಣಿವೆಯ ಕತೆಯನ್ನು ಮೊದಲು ಜೋಡಿಸಿದರು. ಅವರ ಪ್ರಕಾರ ಹಿಮನದಿ ಅತಿ ಉದ್ದ ಇದ್ದಾಗ ಹರ್ಸಿಲ್ ದಾಟಿ ಝಾಲಾದವರೆಗೆ, ಅಂದರೆ ಈಗಿನ ತುದಿಯಿಂದ ಸುಮಾರು 40 ಕಿ.ಮೀ. ಕೆಳಗೆ ಬಂದಿತ್ತು. ಅದರ ಕಾಲ 63,000 ವರ್ಷದ ಸುಮಾರು. ಆಮೇಲೆ ಹಿಮನದಿ ಮತ್ತೆ ಮುಂದೆ ಬಂದದ್ದು, ಶಿವಲಿಂಗ್ ಅಂತ ಹೆಸರಿಟ್ಟ ಮುನ್ನಡೆ, ಸುಮಾರು 5000 ವರ್ಷದ ಹಿಂದೆ, ಭೋಜ್‌ಬಾಸಾ ಹತ್ತಿರದ್ದು 200ರಿಂದ 300 ವರ್ಷದ ಹಿಂದೆ. ಇವು ಬಹಳ ಚಿಕ್ಕವು.

ಇಲ್ಲಿ ಒಂದು ವಿಷಯ ಗಮನಿಸಿ. ಕಳೆದ ಹಿಮಯುಗದಲ್ಲಿ ಭೂಮಿ ಅತಿ ತಣ್ಣಗಿದ್ದದ್ದು ಸುಮಾರು 21,000 ವರ್ಷದ ಹಿಂದೆ. ಯುರೋಪು, ಉತ್ತರ ಅಮೆರಿಕದಲ್ಲಿ ಆಗ ಮಂಜಿನ ಹಾಸು ಬಹಳ ದೊಡ್ಡದಿತ್ತು. ಹಿಮಾಲಯದ ಹಲವು ಕಣಿವೆಗಳಲ್ಲಿ ಅತಿ ಉದ್ದದ ಹಿಮನದಿ ಅದಕ್ಕಿಂತ ಬಹಳ ಮೊದಲೇ ಬಂದು ಹೋಗಿತ್ತು. ಚಳಿ ಇದ್ದರೆ ಸಾಲದು, ಬೀಳುವ ಹಿಮವೂ ಬೇಕು. ಅದನ್ನು ತರುವುದು ಮುಂಗಾರು. ನಮ್ಮ ಹೊಲಕ್ಕೆ ಮಳೆ ಕೊಡುವ ಅದೇ ಮುಂಗಾರು ಮುಂದೆ ಹೋಗಿ ಅಲ್ಲಿ ಹಿಮವಾಗಿ ಬೀಳುತ್ತದೆ. 21,000 ವರ್ಷದ ಹಿಂದೆ ಮುಂಗಾರು ಸೊರಗಿತ್ತು, ಹಿಮನದಿಗೆ ಮೇವು ಇರಲಿಲ್ಲ. ಹಾಗಾಗಿ ಹಿಮಾಲಯದ ದಿಬ್ಬದಿಂದ ಆ ಕಾಲದ ತಾಪಮಾನ ನೇರವಾಗಿ ತೆಗೆಯಲು ಹೋಗುವವರನ್ನು ಕಂಡರೆ ನನಗೆ ಆತಂಕ. ಮುಂಗಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ಸಂಖ್ಯೆಯೂ ಇಲ್ಲಿ ನಿಲ್ಲುವುದಿಲ್ಲ. ಲಡಾಖಿನಲ್ಲಿ ಮಳೆ ಕಮ್ಮಿ, ದಿಬ್ಬ ಕೊಚ್ಚಿ ಹೋಗುವುದೂ ಕಮ್ಮಿ, ಅಲ್ಲಿ ಲೇಹ್ ಸುತ್ತಮುತ್ತ 4 ಲಕ್ಷ ವರ್ಷಕ್ಕಿಂತ ಹಳೆಯ ಕುರುಹುಗಳು ಸಿಕ್ಕಿವೆ. ಗಂಗೋತ್ರಿ ಇರುವ ಗಢವಾಲಿನಲ್ಲಿ ಅಷ್ಟು ಹಳೆಯದನ್ನು ಮಳೆ ಉಳಿಸುವುದಿಲ್ಲ.

ಕೊನೆಗೆ ಪ್ರಶ್ನೆಗಳು.

ಒಬ್ಬರು ಕೇಳಿದರು: "ಸರ್, ತುದಿ ಈಗ ಎಷ್ಟು ವೇಗವಾಗಿ ಹಿಂದೆ ಹೋಗುತ್ತಿದೆ?" ಗಂಗೋತ್ರಿಯ ತುದಿಯನ್ನು 1935ರಲ್ಲಿ ಭೂಗರ್ಭ ಸರ್ವೇಕ್ಷಣಾ ಇಲಾಖೆಯ ಜೆ.ಬಿ. ಆಡೆನ್ ನಕ್ಷೆಯಲ್ಲಿ ಗುರುತಿಸಿದ್ದರು. ಅಲ್ಲಿಂದ ಈಚೆಗೆ ಸರಾಸರಿ ವರ್ಷಕ್ಕೆ 20 ಮೀಟರ್ ಆಸುಪಾಸು ಹಿಂದೆ ಸರಿದಿದೆ. ತುದಿಯ ಭಾಗ ಕಲ್ಲು ಮಣ್ಣು ಹೊದ್ದಿರುವುದರಿಂದ ತುದಿಯನ್ನು ಮಾತ್ರ ನೋಡಿದರೆ ಸಾಲದು, ಮಂಜಿನ ದಪ್ಪ ತೆಳ್ಳಗಾಗುವುದನ್ನೂ ನೋಡಬೇಕು.

ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದ್ದು ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ: "ಹಿಮನದಿ ಹಿಂದೆಯೂ ಎಷ್ಟೋ ಸಲ ಬಂದು ಹೋಗಿದೆ ಅಂತೀರಿ. ಹಾಗಾದರೆ ಈಗ ಕರಗುವುದೂ ಮಾಮೂಲಿ ಅಲ್ವಾ?"

ಮೊರೇನ್ ಇದಕ್ಕೆ ಉತ್ತರ ಕೊಡಲಾರದು, ಯಾಕೆಂದರೆ ಅದು ಹೇಳುವುದು ಹಿಮನದಿ ದೊಡ್ಡದಿದ್ದ ಕಾಲದ ಮಾತು. ಈಗಿನದಕ್ಕಿಂತ ಚಿಕ್ಕದಿತ್ತಾ ಅಂತ ತಿಳಿಯಬೇಕಾದರೆ ಈಗ ತಾನೇ ಮಂಜಿನಡಿಯಿಂದ ಹೊರಗೆ ಬಂದ ತಳಬಂಡೆಯನ್ನು ಕೇಳಬೇಕು. ವಿಧಾನ ಅದೇ. ಆ ತಳ ಹಿಂದೆ ಯಾವಾಗಲಾದರೂ ಬಹುಕಾಲ ಬಯಲಾಗಿದ್ದರೆ ಅದರಲ್ಲಿ ಬೆರಿಲಿಯಂ-10, ಅದೇ ಏಟಿಗೆ ಕಲ್ಲಿನೊಳಗೂ ಹುಟ್ಟುವ ಕಾರ್ಬನ್-14, ಎರಡೂ ಹುಟ್ಟಿರಬೇಕು. ಮಂಜು ತಳವನ್ನು ಕೆರೆದು ಬೆರಿಲಿಯಂ-10 ಅಳಿಸಿರಬಹುದು ಅನ್ನುವ ಸಂಶಯ ಇರುವುದರಿಂದಲೇ ಎರಡನ್ನೂ ಒಟ್ಟಿಗೆ ಅಳೆಯುತ್ತಾರೆ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಉಷ್ಣವಲಯದ ನಾಲ್ಕು ಹಿಮನದಿಗಳ ತುದಿಯಲ್ಲಿ ಹೀಗೆ ತಳಬಂಡೆ ಕೆತ್ತಿ ತಂದು ನೋಡಿದ ಫಲಿತಾಂಶ 2024ರಲ್ಲಿ ಬಂತು. ಎರಡೂ ಇಲ್ಲವೆನ್ನುವಷ್ಟು ಕಮ್ಮಿ. ಅಂದರೆ ಕಳೆದ 11,700 ವರ್ಷದಲ್ಲಿ ಆ ಹಿಮನದಿಗಳು ಈಗಿನಷ್ಟು ಚಿಕ್ಕದಾಗಿ ಬಹುಕಾಲ ಇದ್ದದ್ದೇ ಇಲ್ಲ.

"ಗೋಮುಖದಲ್ಲೂ ಹೀಗೆ ಮಾಡಬಹುದಾ?" ಅಂತ ಅವಳೇ ಮತ್ತೆ ಕೇಳಿದಳು. ಅಲ್ಲಿ ತಳಬಂಡೆ ಕಲ್ಲುರಾಶಿಯ ಅಡಿಯಲ್ಲಿದೆ, ಕಷ್ಟ. ಕಲ್ಲು ಮಣ್ಣು ಹೊದೆಯದ, ಮೇಲ್ಗಡೆಯ ಚಿಕ್ಕ ಹಿಮನದಿಗಳ ಬುಡದಲ್ಲಿ ಸಾಧ್ಯ. ಅಲ್ಲಿಗೆ ಉಳಿ ಸುತ್ತಿಗೆ ಹಿಡಿದು ಹೋಗುವವರು ಬೇಕು.